ಬ್ರದರ್ ಅಂದ್ರೆ ಯಾರ ಪೈಕಿ?

(ಬಂಗಾರಪೇಟೆಯಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತಿನ ಬರಹರೂಪ)



ನಮ್ಮನ್ನ ಇಲ್ಲಿಗೆ ಕರೆದವರು ಕವಿತೆ ಓದಿ ಅಂದರು. ಓದ್ತೀವಿ, ಆಮೇಲೆ. ಈಗ ನರ್ಸಿಂಗ್ ಬಗ್ಗೆ ಮಾತು. ಯಾಕಂದ್ರೆ ಪಿ.ಯು.ಸಿ. ಮುಗಿಸಿದ ನಿಮ್ಮಲ್ಲಿ ಎಷ್ಟೋ ಜನರ ಹತ್ತಿರ ಆ ಫಾರಂ ಇದೆ. ಅದನ್ನ ಪುಸ್ತಕದ ನಡುವೆ ಬಚ್ಚಿಟ್ಟುಕೊಂಡಿದ್ದೀರಿ. ಪ್ರೇಮಪತ್ರವನ್ನೂ ಯಾರೂ ಇಷ್ಟು ಹುಷಾರಾಗಿ ಬಚ್ಚಿಡೋದಿಲ್ಲ.

ನಮ್ಮ ಗುಂಪಿನಲ್ಲಿ ಬಿ.ಎ. ಮಾಡಿದವರಿದ್ದೇವೆ, ನರ್ಸಿಂಗ್ ಮಾಡಿದವರಿದ್ದೇವೆ. ಒಂದೇ ಹಾಸ್ಟೆಲ್ಲಿನ ನೀರು ಸಾರು ಉಂಡವರು. ಬಿ.ಎ. ಮಾಡಿದವರಿಗೆ ಕೆಲಸ ಇಲ್ಲ, ಮರ್ಯಾದೆ ಇದೆ. ನರ್ಸಿಂಗ್ ಮಾಡಿದವರಿಗೆ ಕೆಲಸ ಇದೆ, ಊರಲ್ಲಿ ಬಾಯಿಬಿಟ್ಟು ಹೇಳೋ ಹಾಗಿಲ್ಲ. ಮಗ ಏನ್ ಮಾಡ್ತಾನೆ ಅಂತ ಕೇಳಿದರೆ ಮನೆಯವರು 'ಆಸ್ಪತ್ರೇಲವ್ನೆ' ಅಂತಾರೆ. ಆಸ್ಪತ್ರೇಲಿ ಡಾಕ್ಟರೂ ಇರ್ತಾನೆ, ರೋಗೀನೂ ಇರ್ತಾನೆ, ಕೇಳಿದವರು ಏನು ಬೇಕಾದರೂ ಅಂದುಕೊಳ್ಳಲಿ. ಹೆಣ್ಣು ನೋಡೋಕೆ ಹೋದ ಕಡೆ ಹುಡುಗಿಯ ಸೋದರಮಾವ 'ಅಂದ್ರೆ ಸಿಸ್ಟರ್ ಕೆಲ್ಸಾನಾ?' ಅಂದು ಕಾಫಿ ಲೋಟ ಕೆಳಗಿಡ್ತಾನೆ.

ಕನ್ನಡದಲ್ಲಿ ದಾದಿ ಅನ್ನೋ ಮಾತಿದೆ, ಅದಕ್ಕೆ ಗಂಡು ರೂಪ ಇಲ್ಲ. ಸರ್ಕಾರದ ಕಾಗದ ಶುಶ್ರೂಷಾಧಿಕಾರಿ ಅನ್ನುತ್ತೆ. ಅದನ್ನ ಉಚ್ಚಾರ ಮಾಡೋಷ್ಟರಲ್ಲಿ ಗ್ಲೂಕೋಸ್ ಬಾಟಲಿ ಖಾಲಿಯಾಗಿರುತ್ತೆ. ವಾರ್ಡಿನ ಜನ ತಾವೇ ಒಂದು ಹೆಸರು ಮಾಡಿಕೊಂಡರು: ಬ್ರದರ್. ನಮಗೆ ಆ ಹೆಸರೇ ಸರಿ.

ಈಗ ಒಂದು ಪ್ರಶ್ನೆ. ಈ ನಾಚಿಕೆ ಎಲ್ಲಿಂದ ಬಂತು? ಗಂಡಸು ಮಾಡೋ ಕೆಲಸ ಅಲ್ಲ ಅಂತಲೋ, ಕೀವು, ಕಫ, ಮಲ ಮುಟ್ಟೋ ಕೆಲಸ ಅಂತಲೋ? ಎರಡನೇದನ್ನ ಹೇಳೋಕೆ ಆಗದವರು ಮೊದಲನೇದನ್ನ ಹೇಳ್ತಾರೆ ಅನ್ನೋದು ನಮ್ಮ ಅನುಮಾನ.

ಇಲ್ಲಿಂದ ರೈಲು ಹತ್ತಿ. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ. ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿಗೆ ಬಂದ ಮೇಲೆ ಉತ್ತರ ಆರ್ಕಾಟು, ಚಿತ್ತೂರು ಸೀಮೆಗಳಿಂದ ಬಂದು ಗುಂಡಿಗೆ ಇಳಿದವರಲ್ಲಿ ಬಹುಪಾಲು ನಮ್ಮ ಜನ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಯಿತು. ಅಷ್ಟು ಆಳದಲ್ಲಿ ಬಂಡೆ ತಾನಾಗಿ ಸಿಡಿಯುತ್ತೆ. ಸಿಡಿಯದೇ ಇದ್ದರೂ ಕೊರೆದಾಗ ಏಳೋ ಬಿಳಿ ಕಲ್ಲಿನ ಧೂಳು ಎದೆಗೆ ಇಳಿಯುತ್ತೆ, ಶ್ವಾಸಕೋಶ ಗಟ್ಟಿಯಾಗುತ್ತೆ, ಮತ್ತೆ ಮೆತ್ತಗಾಗೋದಿಲ್ಲ. ಅದರ ಬೆನ್ನಿಗೇ ಕ್ಷಯ ಬರುತ್ತೆ. ಆ ಕಾಯಿಲೆ ಸಿಲಿಕೋಸಿಸ್. ಭಾರತದಲ್ಲಿ ಅದು ಮೊದಲು ವರದಿಯಾದದ್ದು ಕೋಲಾರದ ಚಿನ್ನದ ಗಣಿಯಿಂದ, 1947ರಲ್ಲಿ ಅಂತ ವೈದ್ಯರ ಪುಸ್ತಕಗಳಲ್ಲಿದೆ. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಅದು.

ಆ ಗಂಡಸರನ್ನ ನೋಡಿಕೊಂಡವರು ಯಾರು? ಕಂಪನಿ ಆಸ್ಪತ್ರೆ ಇತ್ತು, ದೊಡ್ಡದೇ ಇತ್ತು. ಆದರೆ ಉಸಿರು ಕಟ್ಟೋದು ಅರ್ಧರಾತ್ರಿಯಲ್ಲಿ, ಲೈನ್ ಮನೆಯ ಒಂದೇ ಕೋಣೆಯಲ್ಲಿ. ಮಲಗಿದರೆ ಉಸಿರು ಸಿಗೋದಿಲ್ಲ. ಹೆಂಡತಿ ಹಗಲೆಲ್ಲ ದುಡಿದು ಬಿದ್ದಿರ್ತಾಳೆ. ಮಗ ಅಪ್ಪನ ಬೆನ್ನಿಗೆ ಬೆನ್ನು ಕೊಟ್ಟು ಕೂತುಕೊಳ್ತಾನೆ, ಬೆಳಗಾಗೋ ತನಕ. ಕಫದ ಡಬ್ಬಕ್ಕೆ ಬೂದಿ ಹಾಕೋನು ಅವನೇ, ಚೆಲ್ಲಿ ಬರೋನೂ ಅವನೇ. ಇವತ್ತು ನರ್ಸಿಂಗ್ ಪಾಠದಲ್ಲಿ ಉಸಿರಾಟದ ರೋಗಿಯನ್ನ ಬೆನ್ನಿಗೆ ಆಸರೆ ಕೊಟ್ಟು ಕೂರಿಸಬೇಕು ಅಂತ ಬರುತ್ತೆ, ಅದಕ್ಕೊಂದು ಇಂಗ್ಲಿಷ್ ಹೆಸರು, ಪರೀಕ್ಷೆಗೆ ಐದು ಮಾರ್ಕು. ನಮ್ಮ ಲೈನ್ ಮನೆ ಹುಡುಗರು ಅದನ್ನ ಬೆನ್ನಿನಲ್ಲೇ ಕಲಿತಿದ್ದರು. ಗುಂಡಿಯಲ್ಲಿ ಪೆಟ್ಟಾದವನನ್ನ ಸ್ಟ್ರೆಚರಿಗೆ ಕಟ್ಟಿ ಮೇಲಕ್ಕೆ ತಂದವರೂ ಜೊತೆಯ ಕೂಲಿಗಳೇ. ಇವರ ಹೆಸರು ಯಾವ ರಿಜಿಸ್ಟರಿನಲ್ಲೂ ಇಲ್ಲ, ಸಂಬಳವಂತೂ ಇಲ್ಲವೇ ಇಲ್ಲ. ನಾವು ಹೇಳೋದು ಇಷ್ಟೇ: ಇದು ನಮಗೆ ಹೊಸ ಕೆಲಸ ಅಲ್ಲ. ಹೊಸದು ಅದರ ಪುಸ್ತಕ, ಅದರ ಲೈಸೆನ್ಸು, ಅದರ ಸಂಬಳ.

ಬುದ್ಧನ ಕಥೆ ನಿಮಗೆ ಗೊತ್ತಿರಬಹುದು. ಭೇದಿಯಾಗಿ ತನ್ನ ಮಲದಲ್ಲೇ ಬಿದ್ದಿದ್ದ ಒಬ್ಬ ಭಿಕ್ಕುವನ್ನ ಉಳಿದ ಭಿಕ್ಕುಗಳು ಬಿಟ್ಟುಬಿಟ್ಟಿದ್ದರು. ಇವನಿಂದ ನಮಗೇನು ಉಪಯೋಗ ಅಂತ. ಬುದ್ಧ ನೀರು ಹಾಕಿದ, ಆನಂದ ತೊಳೆದ, ಇಬ್ಬರೂ ಸೇರಿ ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಭಿಕ್ಕುಗಳನ್ನ ಕರೆದು, ನನ್ನ ಸೇವೆ ಮಾಡಬೇಕು ಅನ್ನೋನು ಕಾಯಿಲೆಯವನ ಸೇವೆ ಮಾಡಲಿ ಅನ್ನೋ ಅರ್ಥದ ಮಾತು ಹೇಳಿದ. ಇಬ್ಬರು ಗಂಡಸರು, ಒಬ್ಬ ರೋಗಿ. ನೂರು ವರ್ಷಕ್ಕೂ ಹಿಂದೆಯೇ ಮಾರಿಕುಪ್ಪಂನಲ್ಲಿ ಬೌದ್ಧ ಸಂಘ ಕಟ್ಟಿದ ನಮ್ಮ ಹಿರಿಯರಿಗೆ ಈ ಕಥೆ ಹೊಸದಾಗಿರಲಾರದು.

ಹಾಗಾದರೆ ನರ್ಸ್ ಅಂದರೆ ಹೆಂಗಸು ಅಂತ ಯಾವಾಗ ಆಯಿತು? ನೈಟಿಂಗೇಲ್ ತಾಯಿ ಲಂಡನ್ನಿನಲ್ಲಿ 1860ರಲ್ಲಿ ಶಾಲೆ ತೆರೆದಳು, ಅದು ಹೆಂಗಸರಿಗೆ ಮಾತ್ರ. ಅವಳು ಮಾಡಿದ್ದು ದೊಡ್ಡ ಕೆಲಸ. ಆದರೆ ಅಲ್ಲಿಂದ ಗಂಡಸಿಗೆ ಉಳಿದದ್ದು ಹುಚ್ಚಾಸ್ಪತ್ರೆ, ಮಿಲಿಟರಿ, ಗಂಡಸರ ವಾರ್ಡು. ಅದೇ ಕಾಲದಲ್ಲಿ ಅಮೆರಿಕದ ಕವಿ ವಾಲ್ಟ್ ವಿಟ್ಮನ್ ವಾಷಿಂಗ್ಟನ್ನಿನ ಮಿಲಿಟರಿ ಆಸ್ಪತ್ರೆಗಳಲ್ಲಿ ಗಾಯಗೊಂಡ ಸಿಪಾಯಿಗಳ ಪಕ್ಕ ಕೂತು ಅವರ ಕಾಗದ ಬರೆದುಕೊಡುತ್ತಿದ್ದ. ಕವಿಗಳಿಂದ ಏನೂ ಪ್ರಯೋಜನ ಇಲ್ಲ ಅನ್ನೋ ನಮ್ಮ ಬ್ರದರ್‌ಗಳು ಇದನ್ನ ಗಮನಿಸಬೇಕು.

ಈಗ ವಾರ್ಡಿಗೆ ಬನ್ನಿ. ಆಸ್ಪತ್ರೆಯ ಹೆಸರು ಬೇಡ. ರಾತ್ರಿ ಎರಡು ಗಂಟೆಗೆ ಹಳ್ಳಿಯ ಒಬ್ಬ ಯಜಮಾನರು ಬಂದರು, ಉಚ್ಚೆ ಕಟ್ಟಿಕೊಂಡಿದೆ, ಹೊಟ್ಟೆ ಮಡಕೆ ಥರ ಉಬ್ಬಿದೆ, 'ಅಪ್ಪಾ ಸ್ವಾಮಿ' ಅಂತ ಕೂಗ್ತಾ ಇದ್ದಾರೆ. ನಮ್ಮವನೊಬ್ಬ ಡ್ಯೂಟಿಯಲ್ಲಿದ್ದ. ಕೈ ತೊಳೆದು, ಗ್ಲೋವ್ಸ್ ಹಾಕಿ, ನಳಿಕೆ ಇಳಿಸಿದ. ಚೀಲ ತುಂಬ್ತಾ ಬಂತು, ಮುಖ ಸಡಿಲ ಆಯಿತು. ಅರ್ಧ ಗಂಟೆ ಆದ ಮೇಲೆ ಯಜಮಾನರು ಕಣ್ಣು ಬಿಟ್ಟು ಕೇಳಿದರು: 'ಯಾವೂರಪ್ಪ ನಿಂದು? ಯಾರ ಪೈಕಿ?' ಉಚ್ಚೆ ಕಟ್ಟಿದಾಗ ಕೇಳಲಿಲ್ಲ, ಉಚ್ಚೆ ಹೋದ ಮೇಲೆ ಕೇಳಿದರು. ನಮ್ಮವನು 'ಬ್ರದರ್ ಪೈಕಿ ಯಜಮಾನ್ರೇ' ಅಂದ. ಕುಡಿಯೋಕೆ ನೀರು ಕೊಟ್ಟರೆ, ಮಗ ಬರಲಿ ಅಂದರು. ಬೆಳಿಗ್ಗೆ ಮಗ ಬಂದ, ನೀರು ಕೊಟ್ಟ, ಹೋಗ್ತಾ ನಮ್ಮವನ ಹೆಸರು ಕೇಳಿಕೊಂಡು ಹೋದ. ಯಾಕೆ ಅಂತ ಇವತ್ತಿಗೂ ತಿಳಿದಿಲ್ಲ.

ಬ್ರದರ್ ಇದ್ದರೆ ಭಾರ ಎತ್ತೋದೆಲ್ಲ ಬ್ರದರಿಗೆ, ಕುಡಿದು ಗಲಾಟೆ ಮಾಡೋನು ಬ್ರದರಿಗೆ. ಹೆರಿಗೆ ವಾರ್ಡಿನಲ್ಲಿ ಕಲಿಯೋಕೆ ನಿಂತರೆ ಬಾಗಿಲಲ್ಲೇ ತಡೀತಾರೆ. ಬಾಣಂತಿ ಬೇಡ ಅಂದರೆ ಅದು ಅವಳ ಹಕ್ಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವಳನ್ನ ಕೇಳದೇ ಓಡಿಸೋರು ಬೇರೆಯವರು. ಇನ್ನೊಂದು ಕಡೆ ಗಣಿ ಹುಡುಗರಿಗೆ ಒಂದು ಆಸ್ತಿ ಇದೆ: ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕೂ ಬರುತ್ತೆ. ಬೆಂಗಳೂರಿನ ವಾರ್ಡಿನಲ್ಲಿ ರೋಗಿ ಯಾವ ಭಾಷೆಯಲ್ಲಿ ನರಳಿದರೂ ಇವರಿಗೆ ಅರ್ಥ ಆಗುತ್ತೆ.

ಹೆಂಗಸರ ಬಗ್ಗೆ ಒಂದು ಮಾತು ಹೇಳಲೇಬೇಕು. 2019ರಲ್ಲಿ ಏಮ್ಸ್ ಆಸ್ಪತ್ರೆಗಳು ನರ್ಸಿಂಗ್ ಹುದ್ದೆಗಳಲ್ಲಿ 100ಕ್ಕೆ 80 ಹೆಂಗಸರಿಗೆ, 20 ಗಂಡಸರಿಗೆ ಅಂತ ಮಾಡಿದವು. ಬ್ರದರ್‌ಗಳಿಗೆ ಸಿಟ್ಟು ಬಂತು. ಹೊಟ್ಟೆಪಾಡಿನ ಸಿಟ್ಟು ಅದು, ನ್ಯಾಯವೇ. ಆದರೆ ಈ ಕೆಲಸಕ್ಕೆ ಮೊದಲು ಬಂದು ಊರವರ ಬಾಯಿಗೆ ಬಿದ್ದು, ನೈಟ್ ಡ್ಯೂಟಿ ಹುಡುಗಿ ಅಂತ ಅನ್ನಿಸಿಕೊಂಡು, ತಮ್ಮಂದಿರ ಫೀಸು ಕಟ್ಟಿದವರು ನಮ್ಮ ಅಕ್ಕಂದಿರು. ಅವರ ಮೇಲೆ ಕೂಗಿ ನಾವು ಏನೂ ಗೆಲ್ಲೋದಿಲ್ಲ. ಮಿಲಿಟರಿ ನರ್ಸಿಂಗ್‌ನದು ಬೇರೆ ವಿಷಯ. ಅಲ್ಲಿ ಬ್ರಿಟಿಷರ 1943ರ ಸುಗ್ರೀವಾಜ್ಞೆ ಹಿಡಿದುಕೊಂಡು ಗಂಡಸಿಗೆ ಬಾಗಿಲೇ ಇಲ್ಲ ಅಂತಿದ್ದರು. ಕರ್ನಾಟಕದವರೇ ಕೋರ್ಟಿಗೆ ಹೋದರು. 2025ರ ಜನವರಿಯಲ್ಲಿ ಹೈಕೋರ್ಟಿನ ಧಾರವಾಡ ಪೀಠ, ಪೂರ್ತಿ ನೂರಕ್ಕೆ ನೂರು ಹೆಂಗಸರಿಗೇ ಅನ್ನೋದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಬಾಬಾಸಾಹೇಬರು ಬರೆದ ಪುಸ್ತಕ ಆ ಬಾಗಿಲಿಗೂ ಕೀಲಿಯಾಯಿತು.

ಗಣಿ 2001ರ ಫೆಬ್ರವರಿ 28ಕ್ಕೆ ನಿಂತಿತು. ಆಸ್ಪತ್ರೆಯೂ ಜೊತೆಗೇ ಬಾಗಿಲು ಹಾಕಿತು. ಕೆಮ್ಮು ಮಾತ್ರ ನಿಲ್ಲಲಿಲ್ಲ. ಅಲ್ಲಿಂದ ಸಾವಿರಾರು ಜನ ಬೆಳಗಿನ ಜಾವದ ರೈಲಿಗೆ ಬೆಂಗಳೂರಿಗೆ ದುಡಿಯೋಕೆ ಹೊರಟರು, ಇವತ್ತೂ ಹೋಗ್ತಾರೆ. 2021ರಲ್ಲಿ ಕೊರೊನಾ ಹೆಚ್ಚಾದಾಗ ಅದೇ ಪಾಳು ಆಸ್ಪತ್ರೆಯನ್ನ ಗುಡಿಸಿ ತೊಳೆದು ಮಂಚ ಹಾಕಿದರು. ಆ ವರ್ಷ ಸ್ವಂತ ಮಗ ಹತ್ತಿರ ಬರದ ಹೆಣವನ್ನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದವರು ಯಾರ ಪೈಕಿ ಅಂತ ಯಾರೂ ಕೇಳಲಿಲ್ಲ.

ಕೊನೆಗೆ ದುಡ್ಡಿನ ಮಾತು. ಬಂಗಾರಪೇಟೆ ಸ್ಟೇಷನ್ ಹತ್ತಿರವೇ ಏಜೆಂಟ್ ಸಿಕ್ತಾನೆ, ಪಾನಿಪುರಿ ಕೊಡಿಸ್ತಾನೆ, 'ಎಸ್.ಸಿ. ಅಂದ್ರೆ ಎಲ್ಲಾ ಫ್ರೀ ಬ್ರದರ್' ಅಂತಾನೆ. ನಮ್ಮಲ್ಲಿ ಒಬ್ಬ ಹಾಗೆ ಹೋದ. ಕಾಲೇಜಿನವರು ಎಸ್ಸೆಸ್ಸೆಲ್ಸಿ ಒರಿಜಿನಲ್ ಕಾರ್ಡ್ ತೆಗೆದುಕೊಂಡು ಬೀರುವಿನಲ್ಲಿಟ್ಟರು. ಸ್ಕಾಲರ್‌ಶಿಪ್ ತಡವಾಯಿತು, ಹಾಲ್ ಟಿಕೆಟ್ ಕೊಡಲಿಲ್ಲ. ಅವನ ಅಮ್ಮ ಕಿವಿಯ ಓಲೆ ಅಡವಿಟ್ಟರು. ಚಿನ್ನದ ಊರಿನವರ ಕಿವಿಯಲ್ಲಿ ಅಷ್ಟೇ ಚಿನ್ನ ಇದ್ದದ್ದು.

ಆದ್ದರಿಂದ ಸೇರೋ ಮುಂಚೆ ಕಾಲೇಜಿಗೆ ಭಾರತೀಯ ನರ್ಸಿಂಗ್ ಕೌನ್ಸಿಲ್, ರಾಜ್ಯ ನರ್ಸಿಂಗ್ ಕೌನ್ಸಿಲ್ ಎರಡರ ಮಾನ್ಯತೆ ಇದೆಯಾ ಕೇಳಿ, ಬಾಯಿಮಾತಲ್ಲ, ಕಾಗದ ತೋರಿಸಲಿ. ಬಿ.ಎಸ್ಸಿ. ನರ್ಸಿಂಗ್ ಆದರೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಸಂಯೋಜನೆಯನ್ನೂ ನೋಡಿ. ಒರಿಜಿನಲ್ ಕೊಡಲೇಬೇಕು ಅಂದರೆ ಸಹಿ, ಸೀಲು ಇರೋ ರಸೀದಿ ತಗೊಳ್ಳಿ. ಫೀಸಿಗೂ ರಸೀದಿ. ಬಾಂಡ್ ಪೇಪರ್ ಓದದೇ ಹೆಬ್ಬೆಟ್ಟು ಒತ್ತೋ ಕಾಲ ನಮ್ಮ ತಾತಂದಿರಿಗೆ ಮುಗಿಯಿತು.

ಹಿಂದಿನ ಬೆಂಚಿನಲ್ಲಿ ಇಬ್ಬರು ಬ್ರದರ್‌ಗಳು ಕೂತಿದ್ದಾರೆ, ಸಂಜೆ ರೈಲಿಗೆ ನೈಟ್ ಡ್ಯೂಟಿಗೆ ಹೋಗಬೇಕು. ಪುಸ್ತಕದಲ್ಲಿರೋ ಫಾರಂ ತೆಗೆದುಕೊಂಡು ಅವರ ಹತ್ತಿರ ಹೋಗಿ, ಈಗಲೇ. ಕವಿತೆ ರೈಲು ಹೋದ ಮೇಲೆ ಓದ್ತೀವಿ.