ಹಿಂದಿನ ಸಾಲಿನವರ ಲೆಕ್ಕ



ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ರಸ್ತೆಗಳಲ್ಲಿ ಓಡುವ ಹುಡುಗ ಹುಡುಗಿಯರು ಕಣ್ಣಿಗೆ ಬೀಳುತ್ತಾರೆ. ಉಮದಿ, ಸಂಖ, ಮಾಡಗ್ಯಾಳ ಕಡೆಯ ಕನ್ನಡದ ಹಳ್ಳಿಗಳಲ್ಲಿ ಮಳೆ ಕಡಿಮೆ, ನೌಕರಿಯ ಆಸೆ ಹೆಚ್ಚು. ಮಹಾರಾಷ್ಟ್ರದ ಪೊಲೀಸ್ ಭರ್ತಿಯಲ್ಲಿ ಮೈದಾನಕ್ಕೆ 50 ಅಂಕ. ಹುಡುಗರು 1600 ಮೀಟರ್ ಓಡಬೇಕು, ಹುಡುಗಿಯರು 800. ಮೇಲೆ 100 ಮೀಟರ್ ಓಟ, ಗುಂಡು ಎಸೆತ. ಅದರಲ್ಲಿ ಅರ್ಧದಷ್ಟು ಅಂಕವಾದರೂ ಬರದಿದ್ದರೆ ಬರೆಯುವ ಪರೀಕ್ಷೆಯ ಮಾತೇ ಇಲ್ಲ. ಹೀಗಾಗಿ ಭರ್ತಿ ಅಕಾಡೆಮಿಗಳಿಗೆ ಸುಗ್ಗಿ.

ನನಗೆ ಪರಿಚಯದ ಒಬ್ಬ ಕಾಲೇಜು ಹುಡುಗಿಗೆ ಪೊಲೀಸ್ ಆಗುವ ಮನಸ್ಸಿಲ್ಲ. ಓದಿ ಓದಿ ಮೈ ಜಡ್ಡುಗಟ್ಟಿದೆ, ಒಬ್ಬಳೇ ಓಡಲು ಬೇಸರ. ಯಾವುದಾದರೂ ಗುಂಪಿಗೆ ಸೇರೋಣವೆಂದು ಪೇಟೆಯ ವ್ಯಾಯಾಮದ ಕ್ಲಾಸುಗಳಿಗೆ ಒಂದೊಂದಾಗಿ ಹೋಗಿ ಬಂದಳು. ಕಾಯಿಪಲ್ಲೆ ಕೊಳ್ಳುವಾಗಲೂ ನಾಲ್ಕು ಅಂಗಡಿ ತಿರುಗುವ ಸ್ವಭಾವ ಅವಳದು. ವಹಿಯಲ್ಲಿ ಗೆರೆ ಹೊಡೆದು ಫೀ, ವೇಳೆ, ಸರ್ ಕಲಿಸುವ ರೀತಿ ಎಂದೆಲ್ಲ ಬರೆದಿದ್ದಳು. ಆಮೇಲೆ ಅವನ್ನೆಲ್ಲ ಕಾಟು ಹಾಕಿ ಒಂದೇ ಪ್ರಶ್ನೆ ಉಳಿಸಿಕೊಂಡಳು: “ಕಡೀ ಸಾಲಿನ್ಯಾಗ ನಿಂತಾಕಿ ಏನ್ ಮಾಡ್ಲಿಕತ್ತಿದ್ಳು?”

ಜುಂಬಾ ಕ್ಲಾಸಿನಲ್ಲಿ ಕಡೆಯ ಸಾಲಿನವರ ಎಡಗಾಲು ಬಲಗಾಲು ಅದಲುಬದಲಾಗುತ್ತಿತ್ತು. ಆದರೂ ಎಲ್ಲರೂ ನಗುತ್ತಿದ್ದರು. ಕೊಲಂಬಿಯಾದ ಬೆಟೊ ಪೆರೆಜ್ ಎಂಬಾತ ಏರೋಬಿಕ್ಸ್ ಸಂಗೀತದ ಕ್ಯಾಸೆಟ್ ಮನೆಯಲ್ಲೇ ಮರೆತು ಬಂದು, ಕೈಗೆ ಸಿಕ್ಕ ಹಾಡುಗಳನ್ನೇ ಹಾಕಿ ಕುಣಿಸಿದ್ದರಿಂದ ಜುಂಬಾ ಹುಟ್ಟಿತು ಅನ್ನುತ್ತಾರೆ. ಹುಟ್ಟಿನಲ್ಲೇ ಹೀಗಿದ್ದ ಮೇಲೆ ಹೆಜ್ಜೆ ತಪ್ಪಿದರೆ ಯಾರು ಕೇಳಬೇಕು? ಮನಸ್ಸು ಹಗುರಾಗಿದ್ದು ನಿಜ. ಆದರೆ ಕುಪ್ಪಳಿಸುವಾಗ ಒಬ್ಬ ಹೆಂಗಸು ಮೊಣಕಾಲು ಹಿಡಿದುಕೊಂಡು ಗೋಡೆಗೆ ಒರಗಿದ್ದನ್ನು ಕನ್ನಡಿಯ ಕಡೆ ಮುಖ ಮಾಡಿದ್ದ ಸರ್ ನೋಡಲೇ ಇಲ್ಲ.

ಸೂರ್ಯನಮಸ್ಕಾರದ ಕ್ಲಾಸಿಗೂ ಹೋದಳು. ಸಾಮೂಹಿಕ ಸೂರ್ಯನಮಸ್ಕಾರ ಈ ಸೀಮೆಗೆ ಹೊಸದಲ್ಲ. ಇವತ್ತಿನ ಸಾಂಗಲಿ ಜಿಲ್ಲೆಯ ಆಟಪಾಡಿ ಹಿಂದೆ ಔಂಧ ಸಂಸ್ಥಾನಕ್ಕೆ ಸೇರಿತ್ತು. ಔಂಧದ ರಾಜ ಭವಾನರಾವ ಪಂತಪ್ರತಿನಿಧಿ ತಾವು ದಿನಾ ನಮಸ್ಕಾರ ಹಾಕುವುದಲ್ಲದೆ ಸಂಸ್ಥಾನದ ಶಾಲೆಗಳಲ್ಲೂ ಅದನ್ನು ಜಾರಿಗೆ ತಂದರು, 1928ರಲ್ಲಿ ಅದರ ಮೇಲೊಂದು ಪುಸ್ತಕವನ್ನೂ ಹೊರತಂದರು. ರಾಜರು ಹೇಳಿದ ಮೇಲೆ ಮಕ್ಕಳು ಬಗ್ಗಲೇಬೇಕಲ್ಲ! ಇಲ್ಲಿ ಕಲಿಸುವ ಬಾಯಿ ಮಾತ್ರ ಹಾಗಲ್ಲ. ಎಣಿಸುತ್ತಲೇ ಸಾಲುಗಳ ನಡುವೆ ಓಡಾಡಿ, ಉಸಿರು ಹತ್ತಿದವರ ಬೆನ್ನು ಮುಟ್ಟಿ “ನೀವ್ ಕೂಡ್ರಿ, ಮುಂದಿಂದಕ್ಕ ಏಳ್ರಿ” ಅನ್ನುತ್ತಿದ್ದರಂತೆ.

ಕುಸ್ತಿ ತಾಲೀಮಿನ ಕೆಂಪು ಮಣ್ಣಿನ ಕಡೆ ಅವಳು ಬಾಗಿಲಿನಿಂದಲೇ ಇಣುಕಿ ಬಂದಳು. ಅಲ್ಲಿ ಈಗಲೂ ಗಂಡುಮಕ್ಕಳದೇ ರಾಜ್ಯ.  

ಭರ್ತಿ ಅಕಾಡೆಮಿಯಲ್ಲಿ ಕಂಡದ್ದು ಬೇರೆ. ವರ್ಷಗಟ್ಟಲೆ ಓಡಿ ಪಳಗಿದ ಹುಡುಗಿಯರ ಜೊತೆ ನಿನ್ನೆ ಬಂದವಳನ್ನೂ ಒಂದೇ ಸೀಟಿಗೆ ಓಡಿಸುತ್ತಾರೆ. ಮೊದಲ ಸುತ್ತಿಗೇ ನಡುವೆ ಅರ್ಧ ಮೈದಾನ ಬಿಟ್ಟುಹೋಗಿರುತ್ತದೆ. ಹಿಂದೆ ಬಿದ್ದವಳು ಆಮೇಲೆ ಓಡುವುದಿಲ್ಲ, ಓಡಿದಂತೆ ಮಾಡುತ್ತಾಳೆ.

ಇದಕ್ಕೊಂದು ಹಳೆಯ ಪ್ರಯೋಗ ನೆನಪಾಗುತ್ತದೆ. 1920ರ ದಶಕದಲ್ಲಿ ಜರ್ಮನಿಯ ಒಟ್ಟೊ ಕೋಹ್ಲರ್ ಎಂಬ ಮನಶ್ಶಾಸ್ತ್ರಜ್ಞ ಬರ್ಲಿನ್ನಿನ ದೋಣಿಗೆ ಹುಟ್ಟು ಹಾಕುವವರಿಂದ ಭಾರ ಎತ್ತಿಸಿ ನೋಡಿದ್ದ. ಮೊದಲು ಒಬ್ಬೊಬ್ಬರೇ ಎತ್ತಿದರು. ಆಮೇಲೆ ಇಬ್ಬರು ಕೂಡಿ ಇಮ್ಮಡಿ ಭಾರ ಎತ್ತಬೇಕು. ಒಬ್ಬ ಸೋತರೆ ಇಬ್ಬರ ಆಟವೂ ಮುಗಿಯಿತು. ಜೋಡಿಯಲ್ಲಿದ್ದಾಗ ಕಡಿಮೆ ಶಕ್ತಿಯವನು ತಾನೊಬ್ಬನೇ ಇದ್ದಾಗಿನದಕ್ಕಿಂತ ಹೆಚ್ಚು ಹೊತ್ತು ತಾಳಿಕೊಂಡ. ಆದರೆ ಇಬ್ಬರ ಶಕ್ತಿಯ ಅಂತರ ಹದವಾಗಿದ್ದಾಗಲೇ ಈ ಗುಣ ಚೆನ್ನಾಗಿ ಕಂಡದ್ದು. ಅಂತರ ಬಹಳ ದೊಡ್ಡದಾದರೆ, ‘ನನ್ನಿಂದ ಇದು ಆಗೋದಲ್ಲ’ ಎಂದು ದುರ್ಬಲನಾದವನು ಮನಸ್ಸಿನಲ್ಲೇ ಕೈಬಿಡುತ್ತಾನೆ. ಗುಂಪು ಕೂಡಿದ ಮಾತ್ರಕ್ಕೆ ಹುರುಪು ಬರುತ್ತದೆ ಅನ್ನುವುದು ಅರ್ಧ ಸತ್ಯ. ನಮಗಿಂತ ಸ್ವಲ್ಪವೇ ಮುಂದಿರುವವರು ಪಕ್ಕದಲ್ಲಿರಬೇಕು, ನಾವು ಇಲ್ಲದಿದ್ದರೆ ಅವರಿಗೂ ಏನೋ ಕಡಿಮೆಯಾಗುವಂತಿರಬೇಕು.

ಇಷ್ಟೆಲ್ಲ ತಿರುಗಿ ಅವಳು ಸೇರಲು ಹೊರಟದ್ದು ಅದೇ ಅಕಾಡೆಮಿಗೆ. ನನಗೂ ಆಶ್ಚರ್ಯವಾಯಿತು. ಬಯಲಿನಲ್ಲಿ ಓಡುವುದೇ ಅವಳಿಗೆ ಇಷ್ಟವಂತೆ. ಆದರೆ ಸರ್ ಮುಂದೆ ಒಂದು ಕರಾರು ಇಟ್ಟಳು: ಓಟದ ಕಸುವು ನೋಡಿ ಹುಡುಗಿಯರನ್ನು ಜೋಡಿ ಮಾಡಬೇಕು, ಜೋಡಿಯಲ್ಲಿ ಹಿಂದಿನವಳು ಮುಟ್ಟಿದ ಹೊತ್ತೇ ಇಬ್ಬರ ಲೆಕ್ಕಕ್ಕೂ ಹಿಡಿಯಬೇಕು. ಸರ್ ನಕ್ಕು, ನೋಡೋಣ ಅಂದರಂತೆ. ಮೂರು ತಿಂಗಳ ಫೀ ಒಮ್ಮೆಲೇ ಕಟ್ಟಿದರೆ ರಿಯಾಯಿತಿ ಉಂಟು ಎಂದೂ ಸೇರಿಸಿದರಂತೆ.

“ಸದ್ಯಕ್ಕ ಒಂದು ತಿಂಗಳದ್ದು ತಗೋರಿ ಸರ್” ಅಂದಳಂತೆ ಇವಳು. “ನಾನೂ ನೋಡ್ತೀನಿ.”