ಏರಿದ ಸೈಕಲ್ಲು ಇಳಿಯಲೂ ಬೇಕು: ಮೋಟಾರು ಜೋಡಿಸಿದ ಸೈಕಲ್ಲಿನ ಹಿಂಬದಿ ಬ್ರೇಕು



ಘಟ್ಟದ ಊರುಗಳಲ್ಲಿ ಸೈಕಲ್ಲು ಬೇರೂರದಿರಲು ಮುಖ್ಯ ಕಾರಣ ಏರು. ಹಳೆಯ ಸೈಕಲ್ಲಿಗೇ ಬ್ಯಾಟರಿ ಹಾಗೂ ಮೋಟಾರು ಜೋಡಿಸುವ ಕಿಟ್‌ಗಳು ಈಗ ದೊರೆಯುತ್ತಿರುವುದರಿಂದ ಆ ಅಡ್ಡಿ ಬಹುಮಟ್ಟಿಗೆ ನೀಗಿದೆ. ಹಾಲಿನ ಕ್ಯಾನನ್ನೋ ಬಾಳೆಗೊನೆಯನ್ನೋ ಹೊತ್ತು ಏರು ಹತ್ತಬಲ್ಲ ಈ ವಾಹನಕ್ಕಾಗಿ ಗುಡ್ಡ ಕಡಿದು ರಸ್ತೆ ಅಗಲಿಸಬೇಕಾಗಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಮಲೆನಾಡಿಗೆ ಇದಕ್ಕಿಂತ ಒಪ್ಪುವ ವಾಹನ ವಿರಳ. ಆದರೆ ಏರಿದ್ದು ಇಳಿಯಲೇಬೇಕು. ಮೋಟಾರಿಗೆ ಸಾವಿರಾರು ರೂಪಾಯಿ ವ್ಯಯಿಸುವವರು ಬ್ರೇಕನ್ನು ಮಾತ್ರ ಹಳೆಯದನ್ನೇ ಉಳಿಸಿಕೊಳ್ಳುವುದುಂಟು. ಇಂದಿನ ಮಾತು ಆ ಬ್ರೇಕಿನ ಕುರಿತಾದುದು.

ಬ್ರೇಕು ಮಾಡುವ ಕೆಲಸವೆಂದರೆ ಚಲನೆಯನ್ನು ಶಾಖವನ್ನಾಗಿಸುವುದು. ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹಿಮ್ಮುರಿ ತಿರುವುಗಳಲ್ಲಿ ಇಳಿಯುವ ರಸ್ತೆಯನ್ನೇ ಗಮನಿಸಬಹುದು. ಅಲ್ಲಿನ ಇಳಿತವನ್ನು ಸುಮಾರು 500 ಮೀಟರೆಂದೂ, ಸವಾರ, ಸೈಕಲ್ಲು, ಮೋಟಾರು, ಹೊರೆ ಎಲ್ಲ ಸೇರಿ 120 ಕಿಲೊಗ್ರಾಂ ಎಂದೂ ಇಟ್ಟುಕೊಂಡರೆ, ಇಳಿಯುವಾಗ ಬಿಡುಗಡೆಯಾಗುವ ಶಕ್ತಿ 588 ಕಿಲೊಜೌಲ್. ಎರಡು ಲೀಟರಿಗೆ ತುಸು ಕಡಿಮೆ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. ವೇಗವಾಗಿ ಇಳಿದರೆ ಗಾಳಿಯ ತಡೆ ಇದರಲ್ಲಿ ದೊಡ್ಡ ಪಾಲನ್ನು ನುಂಗೀತು. ಆದರೆ ಹಿಮ್ಮುರಿ ತಿರುವಿನಲ್ಲಿ ವೇಗವಾಗಿ ಇಳಿಯುವಂತಿಲ್ಲ. ನಿಧಾನವಾಗಿ ಇಳಿಯುವಾಗ ಬಹುಪಾಲು ಶಾಖವನ್ನು ಬ್ರೇಕೇ ಹೊರಬೇಕು.

ಈ ಪಾಠವನ್ನು ಜಗತ್ತು ಒಂದು ಗುಡ್ಡದಲ್ಲಿಯೇ ಕಲಿಯಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮರಿನ್ ಕೌಂಟಿಯ ಮಣ್ಣಿನ ಇಳಿಜಾರೊಂದರಲ್ಲಿ, 1976ರಲ್ಲಿ ಕೆಲವು ತರುಣರು ಹಳೆಯ ಭಾರವಾದ ಸೈಕಲ್ಲುಗಳ ಪಂದ್ಯ ಆರಂಭಿಸಿದರು. ಪೆಡಲನ್ನು ಹಿಮ್ಮುಖವಾಗಿ ತುಳಿದರೆ ಹಿಂಬದಿಯ ಹಬ್ಬಿನೊಳಗೆ ಹಿಡಿಯುವ ಬ್ರೇಕು ಅವುಗಳಲ್ಲಿತ್ತು. ಕೆಳಗೆ ತಲುಪುವಷ್ಟರಲ್ಲಿ ಹಬ್ಬಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಮುಂದಿನ ಇಳಿತಕ್ಕೆ ಮೊದಲು ಹೊಸ ಗ್ರೀಸು ತುಂಬಲೇಬೇಕು. ಮತ್ತೆ ತುಂಬುವುದೆಂಬ ಅರ್ಥದಲ್ಲಿ ಆ ಪಂದ್ಯಕ್ಕೆ ‘ರಿಪ್ಯಾಕ್’ ಎಂಬ ಹೆಸರೇ ನಿಂತಿತು. ಮೋಟಾರಿಲ್ಲದ ಸೈಕಲ್ಲುಗಳ ಪಾಡೇ ಹೀಗಿತ್ತು ಎಂಬುದನ್ನು ನೆನಪಿಡಬೇಕು.

ಹಿಂಬದಿಯ ಬ್ರೇಕಿನಿಂದ ಏನನ್ನು ಅಪೇಕ್ಷಿಸಬೇಕೆಂಬ ವಿಷಯದಲ್ಲಿಯೇ ತಪ್ಪು ತಿಳಿವಳಿಕೆಯಿದೆ. ಚಕ್ರವನ್ನು ಥಟ್ಟನೆ ಬಿಗಿದು ನಿಲ್ಲಿಸುವುದೇ ಬಲವಾದ ಬ್ರೇಕೆಂದು ಅನೇಕರು ಭಾವಿಸುತ್ತಾರೆ. ವಾಹನದ ವೇಗ ತಗ್ಗುವಾಗ ಭಾರ ಮುಂದಿನ ಚಕ್ರದತ್ತ ಸರಿಯುತ್ತದೆ, ಇಳಿಜಾರಿನಲ್ಲಿ ಇನ್ನಷ್ಟು ಸರಿಯುತ್ತದೆ. ಹಗುರಾದ ಹಿಂದಿನ ಚಕ್ರ ಬಿಗಿದೊಡನೆ ಜಾರುತ್ತದೆ. ತಕ್ಷಣ ನಿಲ್ಲಿಸುವ ಹೊಣೆ ಪ್ರಧಾನವಾಗಿ ಮುಂದಿನ ಬ್ರೇಕಿನದು. ಅದನ್ನು ಸಡಿಲ ಬಿಟ್ಟು ಹಿಂದಿನದನ್ನಷ್ಟೇ ಉತ್ತಮಗೊಳಿಸುವುದು ಅರ್ಧ ಕೆಲಸ. ಘಾಟಿಯಲ್ಲಿ ಹಿಂದಿನ ಬ್ರೇಕಿನ ಕೆಲಸ ಬೇರೆ: ಹೊರೆ ಹೊತ್ತ ವಾಹನದ ವೇಗವನ್ನು ಮೈಲುಗಟ್ಟಲೆ ಹದ್ದಿನಲ್ಲಿಡುವುದು, ಬಿಸಿಯಾದರೂ ನೆನೆದರೂ ಸೋಲದಿರುವುದು. ಇಬ್ಬರು ತುಳಿಯುವ ಜೋಡಿ ಸೈಕಲ್ಲುಗಳಲ್ಲಿ ಪರ್ವತ ಇಳಿಯುವವರು ಎರಡು ರಿಮ್ ಬ್ರೇಕುಗಳ ಜೊತೆಗೆ ಜಪಾನಿನ ಆರೈ ಡ್ರಮ್ ಬ್ರೇಕನ್ನು ಹಿಂದಿನ ಹಬ್ಬಿಗೆ ಕೂಡಿಸಿಕೊಳ್ಳುತ್ತಿದ್ದುದು ಇದೇ ಉದ್ದೇಶಕ್ಕೆ.

ರಿಮ್ಮನ್ನು ರಬ್ಬರಿನಿಂದ ಒತ್ತಿ ಹಿಡಿಯುವ ಬ್ರೇಕು ಮಲೆನಾಡಿನ ಮಳೆಗೆ ಹೇಳಿಸಿದ್ದಲ್ಲ. ಹೊಳಪು ಲೇಪದ ಉಕ್ಕಿನ ರಿಮ್ಮು ನೆನೆದರೆ ರಬ್ಬರಿನ ಹಿಡಿತ ಬಹಳ ಕುಗ್ಗುತ್ತದೆ. ಅಲ್ಯುಮಿನಿಯಂ ರಿಮ್ಮು ಈ ವಿಷಯದಲ್ಲಿ ಮೇಲು. ಆದರೆ ಕೆಸರಿನ ಮರಳು ಅದರ ಗೋಡೆಯನ್ನು ಸವೆಸುತ್ತದೆ, ತೆಳುವಾದ ಗೋಡೆ ಒಂದು ದಿನ ಟ್ಯೂಬಿನ ಒತ್ತಡಕ್ಕೆ ಸೀಳಬಹುದು. ಉಳಿಯುವ ದಾರಿ ಎರಡು, ಡ್ರಮ್ಮು ಮತ್ತು ಡಿಸ್ಕು.

ಡ್ರಮ್ಮಿನೊಳಗೆ ಮಳೆ, ಕೆಸರು ಸುಲಭವಾಗಿ ನುಗ್ಗವು. ಅದರ ಬೆಲೆಯನ್ನು ಶಾಖದ ರೂಪದಲ್ಲಿ ತೆರಬೇಕು: ಕಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಶೂಗಳ ಹಿಡಿತವೂ ಇಳಿಯುತ್ತದೆ. ಸೈಕಲ್ಲಿಗೆಂದೇ ತಯಾರಾಗುವ ಡ್ರಮ್ ಹಬ್ಬುಗಳಲ್ಲಿ 70 ಮತ್ತು 90 ಮಿ.ಮೀ. ಅಳತೆಯವು ಸಾಮಾನ್ಯ, ಘಟ್ಟಕ್ಕೆ ದೊಡ್ಡದೇ ಆಗಬೇಕು. ಡಿಸ್ಕು ಬಯಲಿನಲ್ಲಿರುವುದರಿಂದ ಬೇಗ ಆರುತ್ತದೆ. 160 ಮಿ.ಮೀ. ಬದಲು 180 ಅಥವಾ 203 ಮಿ.ಮೀ. ಡಿಸ್ಕು ಹಾಕಿದರೆ ಶಾಖ ಹರಡಲು ಹೆಚ್ಚು ಲೋಹ ಸಿಗುತ್ತದೆ. ಎಣ್ಣೆಯ ಒತ್ತಡದ ಬ್ರೇಕು ಬೆರಳಿಗೆ ಹಗುರ. ಆದರೆ ಕೇಬಲ್ಲಿನದನ್ನು ಊರಿನ ಸೈಕಲ್ ಷಾಪಿನಲ್ಲಿಯೇ ಸರಿಪಡಿಸಬಹುದು. ಹಳ್ಳಿಗೆ ಕೇಬಲ್ಲಿನದೇ ಯುಕ್ತ. ಪ್ಯಾಡುಗಳಲ್ಲಿ ಲೋಹದ ಪುಡಿಯಿಂದ ಮಾಡಿದವು ಕೆಸರಿನಲ್ಲಿ ಹೆಚ್ಚು ಬಾಳುತ್ತವೆ.

ಅಪಾಯ ಅಡಗಿರುವುದು ಬ್ರೇಕಿಗಿಂತ ಅದನ್ನು ಕೂರಿಸುವ ಜಾಗದಲ್ಲಿ. 160 ಮಿ.ಮೀ. ಡಿಸ್ಕಿನ ತ್ರಿಜ್ಯ ಚಕ್ರದ ತ್ರಿಜ್ಯದ ಕಾಲುಭಾಗಕ್ಕೂ ಕಡಿಮೆ. ಆದ್ದರಿಂದ ಟೈರಿಗೆ ನೆಲ ಒಡ್ಡುವ ತಡೆಯ ನಾಲ್ಕು ಪಟ್ಟಿಗೂ ಮಿಗಿಲಾದ ಬಲ ಪ್ಯಾಡುಗಳನ್ನು ಹಿಡಿದ ಭಾಗದ ಮೇಲೆ ಬೀಳುತ್ತದೆ. ಹಳೆಯ ಸೈಕಲ್ಲಿನ ತೆಳು ಕೊಳವೆಗಳನ್ನು ಇಂತಹ ಬಲಕ್ಕೆಂದು ಮಾಡಿದ್ದಲ್ಲ. ಕೊಳವೆಗೆ ಬಿಗಿದ ಬರಿಯ ಕ್ಲಾಂಪು ಜಾರಿದರೆ ಬ್ರೇಕಿನ ಭಾಗವೇ ಕಡ್ಡಿಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಡಿಸ್ಕಿಗೆಂದೇ ನೆಲೆಯಿರುವ ಫ್ರೇಮನ್ನು ಬಳಸುವುದು ಲೇಸು. ಡ್ರಮ್ಮಿಗೂ ಈ ಮಾತು ಸಲ್ಲುತ್ತದೆ: ಅದರ ತಟ್ಟೆ ಚಕ್ರದೊಡನೆ ತಿರುಗದಂತೆ ತಡೆಯುವ ಉಕ್ಕಿನ ತೋಳನ್ನು ತಂತಿಯಿಂದ ಕಟ್ಟುವ ‘ಜಾಣತನ’ ಸಲ್ಲದು.

ಮೋಟಾರೇ ತಡೆಯುತ್ತದೆಯೆಂಬ ನಂಬಿಕೆಯನ್ನೂ ಪರೀಕ್ಷಿಸಬೇಕು. ಒಳಗೆ ಗೇರಿರುವ ಹಬ್ ಮೋಟಾರು ಇಳಿಜಾರಿನಲ್ಲಿ ಸಾಮಾನ್ಯವಾಗಿ ಫ್ರೀ ಆಗಿ ತಿರುಗುತ್ತದೆ, ಏನೂ ತಡೆಯದು. ಗೇರಿಲ್ಲದ ಮೋಟಾರು, ತಕ್ಕ ಕಂಟ್ರೋಲರಿದ್ದರೆ, ತಡೆಯುತ್ತಲೇ ಬ್ಯಾಟರಿಯನ್ನು ತುಂಬಬಲ್ಲದು. ಆದರೆ ಗುಡ್ಡದ ಮೇಲಿನ ಮನೆಯಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿ ಬೆಳಿಗ್ಗೆ ಇಳಿಯಹೊರಟವನ ಬ್ಯಾಟರಿ ತುಂಬಿರುತ್ತದೆ. ಇನ್ನಷ್ಟು ವಿದ್ಯುತ್ತನ್ನು ಅದು ಸ್ವೀಕರಿಸದು. ಬೇಕಾದ ಹೊತ್ತಿಗೇ ಆ ತಡೆ ಇಲ್ಲವಾಗುತ್ತದೆ. ಪೆಟ್ರೋಲಿಗೆ ಎಣ್ಣೆ ಬೆರೆಸುವ ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ತೊಡಕು ಇನ್ನೊಂದು: ಥ್ರಾಟಲ್ ಮುಚ್ಚಿ ಬಹುದೂರ ಇಳಿದರೆ ಎಂಜಿನ್ನಿಗೆ ಎಣ್ಣೆಯೇ ಸಾಲದು.

ಕಾನೂನಿನ ಮಾತು ಸಂಕ್ಷೇಪವಾಗಿ: ತುಳಿತಕ್ಕೆ ನೆರವಾಗುವ ವಿದ್ಯುತ್ ಸೈಕಲ್ಲಿಗೆ ಮೋಟಾರು ವಾಹನ ನಿಯಮಗಳಲ್ಲಿರುವ ವಿನಾಯಿತಿ 0.25 ಕಿಲೊವಾಟಿಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ವೇಗದಲ್ಲಿ ನೆರವು ನಿಲ್ಲಿಸುವ ಮೋಟಾರಿಗೆ ಮಾತ್ರ. ಸೂಕ್ತ ಬ್ರೇಕು ಇರಬೇಕೆಂಬುದೂ ಆ ಷರತ್ತಿನಲ್ಲಿದೆ. ವೇಗ 15ರಿಂದ 30ಕ್ಕೆ ಏರಿದರೆ ನಿಲ್ಲಿಸಲು ಬೇಕಾದ ದೂರ ನಾಲ್ಕು ಪಟ್ಟಾಗುವುದೆಂಬುದನ್ನು ಬಲ್ಲ ವಿದ್ಯಾರ್ಥಿಗಳಿಗೆ ಇದರ ಕಾರಣ ವಿವರಿಸಬೇಕಾಗಿಲ್ಲ.

ಹೊಸ ಬ್ರೇಕು ಕೂರಿಸಿದ ದಿನವೇ ಘಾಟಿಗೆ ಇಳಿಯಬಾರದು. ಬ್ರೇಕ್ ಹಿಡಿಯನ್ನು ಒತ್ತಿದೊಡನೆ ಮೋಟಾರಿನ ವಿದ್ಯುತ್ತು ಕಡಿಯುವ ಸ್ವಿಚ್ಚು ಕೆಲಸ ಮಾಡುವುದೇ ಎಂದು ಚಕ್ರವನ್ನು ಎತ್ತಿ ನೋಡಬೇಕು. ಅನಂತರ ನಿತ್ಯದ ಹೊರೆಯನ್ನೇ ಹೇರಿ, ಕೆಳತುದಿ ಸಮತಟ್ಟಾಗಿರುವ ಚಿಕ್ಕ ಇಳಿಜಾರಿನಲ್ಲಿ, ಒಮ್ಮೆ ಒಣಗಿದ್ದಾಗ, ಒಮ್ಮೆ ನೀರೆರಚಿ, ಹತ್ತಾರು ಬಾರಿ ಪರೀಕ್ಷಿಸಬೇಕು. ಕೇಬಲ್ಲು ಮೊದಲ ವಾರದಲ್ಲಿ ಸಡಿಲಾಗುವುದು ಸಹಜ, ಮತ್ತೆ ಬಿಗಿಯಬೇಕು. ಉದ್ದನೆಯ ಇಳಿತದಲ್ಲಿ ನಡುನಡುವೆ ನಿಂತು ಡ್ರಮ್ಮಿನ ಅಥವಾ ಡಿಸ್ಕಿನ ಮೇಲೆ ಒಂದು ಹನಿ ನೀರು ಬಿಡಬೇಕು, ಕೈಯಿಂದ ಮುಟ್ಟಬಾರದು. ಹನಿ ಚುಯ್ಯೆಂದು ಆವಿಯಾದರೆ, ಅದು ಆರುವವರೆಗೆ ಮರದ ನೆರಳಿನಲ್ಲಿ ಕುಳಿತಿರುವುದೇ ತಕ್ಕದ್ದು.