ನಮ್ಮ ಹೊಲವೇ ಅವುಗಳ ಅಡವಿ
(ವಳಕಮದಿನ್ನಿ ಸಹಕಾರ ಸಂಘದ ಬೆಳ್ಳಿ ಹಬ್ಬದಲ್ಲಿ ಆಡಿದ ಮಾತುಗಳು)



ಇಪ್ಪತ್ತೈದು ವರ್ಷ ಸಂಘವನ್ನು ನಡೆಸಿಕೊಂಡು ಬಂದಿದ್ದೇವೆ. ಸಾಲ, ಬೀಜ, ಗೊಬ್ಬರದ ಲೆಕ್ಕವನ್ನು ತಾವೆಲ್ಲ ಕೇಳಿದ್ದೀರಿ. ಆ ಲೆಕ್ಕದೊಳಗೆ ಬಾರದ ಕೆಲವು ದುಡಿಯುವವರು ನಮ್ಮ ಹೊಲದಾಗ ಇದ್ದಾರೆ. ಷೇರು ಹಣ ಕಟ್ಟಿಲ್ಲ, ಸಾಲ ಕೇಳಿಲ್ಲ, ರಾತ್ರಿಪಾಳಿ ಬಿಟ್ಟಿಲ್ಲ. ಗೂಬೆ, ಕೇರೆ ಹಾವು, ಮುಂಗುಸಿ, ನರಿ! ಅವರ ಪರವಾಗಿ ಇವತ್ತು ನಾಲ್ಕು ಮಾತು.

ವನ್ಯಜೀವಿ ಎಂದಕೂಡಲೇ ಬಂಡೀಪುರ, ನಾಗರಹೊಳೆ ನೆನಪಾಗುತ್ತವೆ. "ನಮ್ಮ ಸೀಮಿಯೊಳಗ ಅಡವಿ ಎಲ್ಲೈತ್ರಿ?" ಎಂದು ಸುಮ್ಮನಾಗುತ್ತೇವೆ. ಖರೆ, ದಟ್ಟ ಅಡವಿ ಇಲ್ಲ. ಆದ್ದರಿಂದಲೇ ಇಲ್ಲಿಯ ಜೀವಿಗಳಿಗೆ ನಮ್ಮ ಹೊಲ, ಬದು, ಹಳ್ಳದ ದಂಡೆಯೇ ಅಡವಿ. ಅವುಗಳ ಉಳಿವು ಇಲಾಖೆಗಿಂತ ಹೆಚ್ಚಾಗಿ ನಮ್ಮ ಕೈಯಲ್ಲಿದೆ.

ಎರೆಭೂತ ಪಕ್ಷಿಯನ್ನೇ ನೋಡಿ. ಹುಲ್ಲುಗಾವಲು, ಎರೆ ಹೊಲಗಳಲ್ಲಿ ತಿರುಗುವ ಈ ದೊಡ್ಡ ಹಕ್ಕಿ ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ನದಿಯಾಚೆ ಸಿರುಗುಪ್ಪ ಸೀಮೆಯಲ್ಲಿ ಈಗ ಅದು ಬೆರಳೆಣಿಕೆಗೆ ಬಂದಿದೆ. ರಣಹದ್ದಿನ ಕಥೆ ಇನ್ನೂ ಕಣ್ಣು ತೆರೆಸುವಂಥದ್ದು. 1990ರ ದಶಕದಲ್ಲಿ ದೇಶದ ತುಂಬ ಅವು ಸತ್ತವು. ಯಾರೂ ಬಂದೂಕು ಹಿಡಿದಿರಲಿಲ್ಲ. ದನದ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧಿ ಸತ್ತ ದನದ ಮಾಂಸದ ಮೂಲಕ ಹದ್ದಿನ ಮೂತ್ರಪಿಂಡ ಕೆಡಿಸಿತ್ತು. 2006ರಲ್ಲಿ ಸರ್ಕಾರ ಪಶುಗಳಿಗೆ ಆ ಔಷಧಿಯನ್ನು ನಿಷೇಧಿಸಿತು. ಅಷ್ಟರೊಳಗೆ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಹದ್ದುಗಳು ಹೋಗಿದ್ದವು. ನಾವು ತಿಳಿಯದೆ ಮಾಡುವ ಸಣ್ಣ ಕೆಲಸಕ್ಕೆ ಇಷ್ಟು ಬಲವಿದೆ.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಹಿಂದೊಮ್ಮೆ ಬಣವಿಯ ಹತ್ತಿರ ಕಂಡ ಮಾರುದ್ದದ ಕೇರೆ ಹಾವನ್ನು ನಾವೇ ನಾಲ್ಕು ಮಂದಿ ಸೇರಿ ಬಡಿದು ಕೊಂದೆವು. ಅದಕ್ಕೆ ವಿಷವಿಲ್ಲವೆಂಬುದು ಗೊತ್ತಿತ್ತು, ಆದರೂ ಕೈ ತಡೆಯಲಿಲ್ಲ. ಆ ಸುಗ್ಗಿಯಲ್ಲಿ ಭತ್ತದ ಚೀಲಗಳನ್ನು ಇಲಿ ಕಡಿದವು. ಹೆಣ್ಣಿಲಿ ಮೂರೇ ವಾರ ಗರ್ಭ ಹೊತ್ತು ಒಂದು ಸೂಲಿಗೆ ಆರೆಂಟು ಮರಿ ಹಾಕುತ್ತದೆ. ಅದಕ್ಕೆಂದು ವಿಷದ ಕಾಳು ತಂದು ಬದುವಿಗೆ ಚೆಲ್ಲಿದೆವು. ಮುಂಜಾನೆ ನೋಡಿದರೆ ಇಲಿಗಿಂತ ಮೊದಲು ಬೆಳವಗಳು ಸತ್ತು ಬಿದ್ದಿದ್ದವು. ಪುಕ್ಕಟೆ ದುಡಿಯುವವನನ್ನು ಕೊಂದು, ರೊಕ್ಕ ಕೊಟ್ಟು ವಿಷ ತಂದವರು ನಾವು. ಇದು ಯಾವ ಲೆಕ್ಕಾಚಾರ?

ಚಿಗರಿಯಿಂದ ಬೆಳೆ ಹಾಳಾಗುವುದೂ ಸುಳ್ಳಲ್ಲ. ಹಿಂಡು ಬಿದ್ದ ಹೊಲದ ರೈತನ ಹೊಟ್ಟೆಯುರಿ ನಮಗೂ ಗೊತ್ತು. ಆದರೆ ತಂತಿಗೆ ಕರೆಂಟು ಬಿಟ್ಟರೆ ಚಿಗರಿಯಷ್ಟೇ ಸಾಯುವುದಿಲ್ಲ, ನೀರು ಕಟ್ಟಲು ಹೋದ ನಮ್ಮ ಮಗನೂ ಸಾಯಬಹುದು. ಕೃಷ್ಣಮೃಗವನ್ನು ಕೊಲ್ಲುವುದು 1972ರ ಕಾಯ್ದೆಯ ಪ್ರಕಾರ ಅಪರಾಧ. ಹಾನಿಯಾದರೆ ಪಹಣಿ, ಫೋಟೊ ಸಮೇತ ಅರ್ಜಿ ಕೊಟ್ಟು ಪರಿಹಾರ ಕೇಳೋಣ. ಒಬ್ಬೊಬ್ಬರೇ ಅಲೆಯುವ ಬದಲು ಸಂಘದಿಂದಲೇ ಎಲ್ಲರ ಅರ್ಜಿ ಒಟ್ಟಿಗೆ ಹೋಗಲಿ.

ಇನ್ನು ನಮ್ಮಿಂದ ಆಗುವ ಕೆಲಸಗಳು. ಹಾವು ಕಂಡರೆ ದೂರ ನಿಂತು ದಾರಿ ಬಿಡೋಣ. ಮನೆಯೊಳಗೆ ಬಂದರೆ ಹಿಡಿಯಬಲ್ಲವರನ್ನು ಕರೆಸೋಣ. ಗೂಬೆ ಅಪಶಕುನವೆಂದು ಕಲ್ಲು ಹೊಡೆಯುವುದು ಬೇಡ. ತೊಗರಿ, ಕಡಲೆ ಹೊಲದಲ್ಲಿ ಹಕ್ಕಿ ಕೂಡಲು ಅಡ್ಡಗಟ್ಟಿಗೆಯ ಗೂಟ ನೆಡೋಣ, ಕಾಯಿಕೊರಕ ಹುಳವನ್ನು ಅವು ಹೆಕ್ಕುತ್ತವೆ. ಭತ್ತದ ಹುಲ್ಲಿಗೆ, ಬದುವಿಗೆ ಬೆಂಕಿ ಹಚ್ಚುವುದನ್ನು ಬಿಡೋಣ. ಎಣ್ಣೆ ಹೊಡೆದ ಡಬ್ಬಿಯನ್ನು ಕಾಲುವೆಯಲ್ಲಿ ತೊಳೆಯುವುದು ಬೇಡ. ಬ್ಯಾಸಗಿಯಲ್ಲಿ ಮಾಳಿಗೆಯ ಮೇಲೆ ಒಂದು ಪರಟಿ ನೀರು ಇಡೋಣ.

ಇದೇನೂ ಹೊಸ ಪಾಠವಲ್ಲ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲುವ ನಮ್ಮ ಹಿರಿಯರು ಭೂತಾಯಿಗೆ ಉಣಿಸಿಯೇ ತಾವು ಉಣ್ಣುತ್ತಿದ್ದರು. ಆ ಚರಗ ತಿನ್ನುತ್ತಿದ್ದುದು ಹಕ್ಕಿ, ಇರುವೆಗಳೇ ಅಲ್ಲವೇ?

ನಮ್ಮ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ, 1915ರಲ್ಲಿ ಬೆಳಕಿಗೆ ಬಂದದ್ದು. ಅದರ ತಾತ್ಪರ್ಯ ಇಷ್ಟೇ: ಒಳ್ಳೆಯದನ್ನು ಸಾಧಿಸುವುದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬೇಡಿ, ಸಣ್ಣವರಿಂದಲೂ ಆಗುತ್ತದೆ. ಸಹಕಾರದ ತತ್ವವೂ ಅದೇ ಅಲ್ಲವೇ? ಹನಿ ಹನಿ ಕೂಡಿದರೆ ಹಳ್ಳ. ಇಪ್ಪತ್ತೈದು ವರ್ಷ ನಮಗಾಗಿ ಕೂಡಿದೆವು, ಇನ್ನು ಮುಂದೆ ಈ ಮೂಕ ಸದಸ್ಯರಿಗಾಗಿಯೂ ಕೂಡೋಣ ಎಂದು ಕೋರಿ ನಮ್ಮ ಮಾತು ಮುಗಿಸುತ್ತೇವೆ.